ಬರ್ನಂ ಕಾಡು ನಡೆದು ಬಂದ ದಾರಿ

ಬಿಳಿ ಮುಖದ ಹೆಂಗಸೊಬ್ಬಳು ಎದ್ದು ಕತ್ತಲ ಬಾಗಿಲಿನತ್ತ ನಡೆಯುತ್ತಾಳೆ. ಉಟ್ಟ ರೇಷ್ಮೆಯ ಅಂಚು ನೆಲಕ್ಕೆ ಉಜ್ಜುವ ಸರಸರ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಾಗಿಲು ದಾಟಿದವಳು ಕತ್ತಲಲ್ಲಿ ಕರಗಿಹೋಗುತ್ತಾಳೆ. ಕ್ಯಾಮೆರಾ ಹಿಂದೆ ಹೋಗುವುದಿಲ್ಲ. ಬರಿಯ ಕಪ್ಪನ್ನೇ ನೋಡುತ್ತ ನಾವು ಕಾಯುತ್ತೇವೆ. ಸರಸರ ಸದ್ದು ಮತ್ತೆ ಹತ್ತಿರವಾಗುತ್ತದೆ. ಅವಳು ಹೊರಬಂದಾಗ ಕೈಯಲ್ಲಿ ಮದ್ಯದ ಪಾತ್ರೆ ಇರುತ್ತದೆ, ಕಾವಲಿನವರಿಗೆ ಕುಡಿಸಲು ಮದ್ದು ಬೆರೆಸಿದ ಮದ್ಯ. ಇನ್ನು ಸ್ವಲ್ಪ ಹೊತ್ತಿಗೆ ಅವಳ ಗಂಡ, ತಮ್ಮ ಮನೆಯಲ್ಲಿ ತಂಗಿರುವ ಒಡೆಯನನ್ನು ಈಟಿಯಿಂದ ತಿವಿದು ಬರುತ್ತಾನೆ. ಆ ಕೊಲೆಯನ್ನೂ ನಮಗೆ ತೋರಿಸುವುದಿಲ್ಲ. ಬಂದವನ ಕೈ ಈಟಿಗೆ ಅಂಟಿಕೊಂಡಂತಿದೆ, ಬೆರಳು ಬಿಡಿಸಿಕೊಳ್ಳಲು ಅವನಿಂದ ಆಗುತ್ತಿಲ್ಲ. ಅವಳೇ ಈಟಿಯನ್ನು ಕಿತ್ತುಕೊಂಡು ಹೋಗಿ ಮಲಗಿದ್ದ ಕಾವಲುಗಾರನ ಕೈಗೆ ಕೊಟ್ಟು ಬರುತ್ತಾಳೆ.

ಇದು ಅಕಿರಾ ಕುರೊಸಾವಾ 1957ರಲ್ಲಿ ಮಾಡಿದ ಸಿನಿಮಾ. ಹೊರಜಗತ್ತಿಗೆ ಅದು ‘ಥ್ರೋನ್ ಆಫ್ ಬ್ಲಡ್’. ಅದರ ಜಪಾನಿ ಹೆಸರಿನ ಅರ್ಥ ಜೇಡರಬಲೆಯ ಕೋಟೆ. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ರೂಪಾಂತರ ಎಂದು ಎಲ್ಲರೂ ಒಪ್ಪುವ ಈ ಚಿತ್ರದಲ್ಲಿ ಶೇಕ್ಸ್‌ಪಿಯರನ ಒಂದು ಸಾಲೂ ಇಲ್ಲ. ಹಾಗಿದ್ದೂ ಆ ನಾಟಕದಿಂದ ಬಂದ ಚಿತ್ರಗಳ ಸಾಲಿನಲ್ಲಿ ಇದನ್ನೇ ಮೊದಲನೆಯದಾಗಿ ಎಣಿಸುವ ವಿಮರ್ಶಕರು ಬಹಳ ಮಂದಿ. ನಾನೂ ಆ ಸಾಲಿನಲ್ಲೇ ನಿಲ್ಲುತ್ತೇನೆ. ಮಾತಿನಿಂದಲೇ ಕಟ್ಟಿದ ನಾಟಕದಿಂದ ಮಾತನ್ನೆಲ್ಲ ತೆಗೆದುಹಾಕಿದ ಮೇಲೂ ಅದು ಉಳಿಯುತ್ತದೆ ಎನ್ನುವುದಾದರೆ, ಉಳಿದದ್ದು ಏನು? ಹಳೆಯ ನಾಟಕಗಳ ಹೊಸ ರಂಗಪ್ರಯೋಗ ಮತ್ತು ಸಿನಿಮಾಗಳನ್ನು ಓದುವವರು, ಕಲಿಸುವವರು, ಬರಿದೆ ಪ್ರೀತಿಯಿಂದ ನೋಡುವವರು ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸಲೇಬೇಕು.

ನಮ್ಮಲ್ಲಿ ರೂಪಾಂತರದ ಬಗ್ಗೆ ನಡೆಯುವ ಚರ್ಚೆ ಬಹುಪಾಲು ಒಂದೇ ಗೂಟಕ್ಕೆ ಕಟ್ಟಿಹಾಕಿದಂತಿದೆ: ಮೂಲಕ್ಕೆ ನಿಷ್ಠವಾಗಿದೆಯೇ? ಪ್ರದರ್ಶನ ಮುಗಿಸಿ ಹೊರಬರುವಾಗ ಕಿವಿಗೆ ಬೀಳುವ ಮಾತೂ ಅದೇ, ವಿದ್ಯಾರ್ಥಿಗಳ ಪ್ರಬಂಧಗಳ ಧಾಟಿಯೂ ಅದೇ. ಒಂದು ಕಡೆ ಮೂಲದ ದೃಶ್ಯಗಳ ಪಟ್ಟಿ, ಇನ್ನೊಂದು ಕಡೆ ಸಿನಿಮಾದ ದೃಶ್ಯಗಳ ಪಟ್ಟಿ. ಉಳಿದದ್ದಕ್ಕೆ ಮೆಚ್ಚುಗೆ, ಬಿಟ್ಟದ್ದಕ್ಕೆ ಆಕ್ಷೇಪ. ಈ ಕ್ರಮದಿಂದ ಹುಟ್ಟುವ ತಿಳಿವಳಿಕೆ ತೀರ ಕಡಿಮೆ. ಲಿಂಡಾ ಹಚಿಯನ್ 2006ರಲ್ಲಿ ರೂಪಾಂತರದ ಸಿದ್ಧಾಂತ ಕುರಿತು ಬರೆದ ಪುಸ್ತಕದಿಂದೀಚೆಗೆ ವಿಶ್ವವಿದ್ಯಾಲಯಗಳಲ್ಲಿ ಈ ನಿಷ್ಠೆಯ ಅಳತೆಗೋಲು ಸಾಕಷ್ಟು ಸಡಿಲವಾಗಿದೆ ನಿಜ. ಆದರೆ ಅದರ ಜಾಗಕ್ಕೆ ಬಂದದ್ದು ಅನೇಕ ಸಲ ಇನ್ನೊಂದು ಸುಲಭದ ಮಾತು: ಪ್ರತಿಯೊಂದು ರೂಪಾಂತರವೂ ಸ್ವತಂತ್ರ ಕೃತಿ, ಆದ್ದರಿಂದ ಹೋಲಿಸುವುದೇ ತಪ್ಪು ಎಂಬುದು. ಹೋಲಿಸದಿದ್ದರೆ ರೂಪಾಂತರ ಎಂದು ಕರೆಯುವುದಾದರೂ ಏಕೆ? ಹೋಲಿಕೆ ಬೇಕು. ಎಲ್ಲಿ ಹೋಲಿಸಬೇಕು ಎಂಬುದನ್ನು ಮಾತ್ರ ಸರಿಯಾಗಿ ಗುರುತಿಸಿಕೊಳ್ಳಬೇಕು.

ನನ್ನ ಅನುಭವದಲ್ಲಿ ಆ ಜಾಗ ಯಾವುದೆಂದರೆ ಮೂಲ ಹೊಸ ನೆಲಕ್ಕೆ ಹೊಂದದೇ ಹೋಗುವ ಜಾಗ. ಹೊಂದುವ ಕಡೆ ರೂಪಾಂತರಕಾರನಿಗೆ ಹೆಚ್ಚು ಕೆಲಸವಿಲ್ಲ. ಅಧಿಕಾರದಾಸೆ ಎಲ್ಲ ದೇಶದಲ್ಲೂ ಇದೆ, ಗಂಡನನ್ನು ಹುರಿದುಂಬಿಸುವ ಹೆಂಡತಿಯೂ ಇದ್ದಾಳೆ. ಹೊಂದದ ಕಡೆ ಅವನು ಏನಾದರೂ ಮಾಡಲೇಬೇಕು, ಏನು ಮಾಡಿದನೆಂಬುದರಲ್ಲೇ ಅವನ ಬುದ್ಧಿ, ಅವನ ಕಾಲ, ಅವನ ಊರು ಮೂರೂ ಗೊತ್ತಾಗುತ್ತವೆ. ‘ಮ್ಯಾಕ್‌ಬೆತ್’ ನಾಟಕದಲ್ಲಿ ಅಂಥ ಮೂರು ಜಾಗಗಳಿವೆ. ಮಾಟಗಾತಿಯರು, ರಂಗದ ಹಿಂದೆ ನಡೆಯುವ ಕೊಲೆ, ನಡೆದು ಬರುವ ಕಾಡು.

ಅಲ್ಲಿಗೆ ಹೋಗುವ ಮೊದಲು ಮೂಲ ಎಂಬ ಮಾತನ್ನೇ ಸ್ವಲ್ಪ ಕೆದಕಬೇಕು. 1606ರ ಸುಮಾರಿಗೆ ಬರೆದ, 1623ರ ಫೋಲಿಯೊದಲ್ಲಿ ಮೊದಲು ಅಚ್ಚಾದ ಈ ನಾಟಕ ತಾನೇ ಒಂದು ರೂಪಾಂತರ. ಶೇಕ್ಸ್‌ಪಿಯರನ ಕೈಯಲ್ಲಿದ್ದದ್ದು ರಾಫೆಲ್ ಹಾಲಿನ್‌ಶೆಡ್‌ನ ಚರಿತ್ರೆಯ ಗ್ರಂಥ. ಅದರಲ್ಲಿ ಡಂಕನ್ ದುರ್ಬಲ ರಾಜ. ಮ್ಯಾಕ್‌ಬೆತ್ ಅವನನ್ನು ಕೊಂದ ಮೇಲೆ ಹತ್ತು ವರ್ಷ ಚೆನ್ನಾಗಿಯೇ ಆಳುತ್ತಾನೆ. ಇತಿಹಾಸದ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಸ್ಕಾಟ್ಲೆಂಡನ್ನು ಆಳಿದವನು, ಡಂಕನ್ ಸತ್ತದ್ದು ಹಾಸಿಗೆಯಲ್ಲಲ್ಲ, ಕಾಳಗದಲ್ಲಿ. ಮನೆಗೆ ಬಂದ ರಾಜನನ್ನು ನಿದ್ದೆಯಲ್ಲಿ ಕೊಲ್ಲುವ ಕತೆ ಅದೇ ಗ್ರಂಥದ ಬೇರೊಂದು ಕಡೆಯದು. ಡಾನ್‌ವಾಲ್ಡ್ ಎಂಬವನು ಹೆಂಡತಿಯ ಒತ್ತಾಯಕ್ಕೆ ಮಣಿದು ಡಫ್ ಎಂಬ ರಾಜನನ್ನು ಕೊಲ್ಲಿಸಿದ ಪ್ರಸಂಗ. ಶೇಕ್ಸ್‌ಪಿಯರ್ ಎರಡನ್ನೂ ಕೂಡಿಸಿ ಹೊಲಿದ. ಹಾಲಿನ್‌ಶೆಡ್‌ನಲ್ಲಿ ಕೊಲೆಯ ಸಂಚಿಗೆ ಸೇರಿದ್ದ, ಮ್ಯಾಕ್‌ಬೆತ್‌ನ ಜೊತೆಗಾರ ಬ್ಯಾಂಕೊ ನಾಟಕದಲ್ಲಿ ನಿರಪರಾಧಿಯಾದ. ಏಕೆಂದರೆ ಆಗ ಲಂಡನ್ನಿನ ಸಿಂಹಾಸನದಲ್ಲಿದ್ದ ಜೇಮ್ಸ್ ದೊರೆಯನ್ನು ಬ್ಯಾಂಕೊನ ವಂಶದವನೆಂದು ಜನ ನಂಬಿದ್ದರು. ಅರಸನ ಮೂಲಪುರುಷನನ್ನು ಕೊಲೆಗಾರನನ್ನಾಗಿ ತೋರಿಸುವಂತಿರಲಿಲ್ಲ. ಇದು ಕೂಡ ಹೊಂದದ ಜಾಗವೇ. ಆ ಇಕ್ಕಟ್ಟಿನಿಂದ ನಾಟಕಕ್ಕೆ ಒದಗಿದ ಲಾಭ ದೊಡ್ಡದು: ಒಂದೇ ಭವಿಷ್ಯವಾಣಿಯನ್ನು ಕೇಳಿದ ಇಬ್ಬರಲ್ಲಿ ಒಬ್ಬ ಕೆಟ್ಟ, ಇನ್ನೊಬ್ಬ ತಡೆದುಕೊಂಡ ಎಂಬ ಎದುರುಬದುರು ಸಿಕ್ಕಿತು.

ಇನ್ನು ಮಾಟಗಾತಿಯರು. ಜೇಮ್ಸ್ ದೊರೆ 1597ರಲ್ಲಿ ಪಿಶಾಚವಿದ್ಯೆಯ ಬಗ್ಗೆ ತಾನೇ ಒಂದು ಪುಸ್ತಕ ಬರೆದವನು. ಸ್ಕಾಟ್ಲೆಂಡಿನಲ್ಲಿ ತನ್ನ ಹಡಗಿಗೆ ಬಿರುಗಾಳಿ ಎಬ್ಬಿಸಿದರೆಂದು ಹೆಂಗಸರನ್ನು ವಿಚಾರಣೆಗೆ ಎಳೆದ ಕಾಲ ಅದು. ಅಂದಿನ ಪ್ರೇಕ್ಷಕರಿಗೆ ಮಾಟಗಾತಿ ಎಂದರೆ ಪಕ್ಕದ ಬೀದಿಯ ಭಯ. ಆದರೆ 1577ರ ಹಾಲಿನ್‌ಶೆಡ್ ಗ್ರಂಥದ ಚಿತ್ರದಲ್ಲಿ ಮ್ಯಾಕ್‌ಬೆತ್‌ಗೆ ಎದುರಾದ ಮೂವರೂ ಒಳ್ಳೆಯ ಉಡುಪು ತೊಟ್ಟ ಗೌರವಸ್ಥ ಹೆಂಗಸರು! ಅವರನ್ನು ಗಡ್ಡದ ಮುದುಕಿಯರನ್ನಾಗಿ ಮಾಡಿದ್ದು ನಾಟಕ. ಅರವತ್ತು ವರ್ಷದೊಳಗೆ, 1664ರಲ್ಲಿ, ವಿಲಿಯಂ ಡಾವನಂಟ್ ಅದೇ ಮಾಟಗಾತಿಯರಿಗೆ ಹಾಡು ಕುಣಿತ ಕೊಟ್ಟು ರಂಗದ ಮೇಲೆ ಹಾರಿಸಿದ. ಭಯ ಮನರಂಜನೆಯಾಯಿತು. ಹಾಡುಕುಣಿತದ ಆ ಮಾಟಗಾತಿಯರೇ ಇಂಗ್ಲೆಂಡಿನ ರಂಗದ ಮೇಲೆ ಬಹುಕಾಲ ಮೆರೆದರು.

ಇಪ್ಪತ್ತನೆಯ ಶತಮಾನದ ನಿರ್ದೇಶಕನಿಗೆ ಈ ಸಮಸ್ಯೆ ಇನ್ನೂ ತೀವ್ರ. ನಂಬಿಕೆಯೇ ಇಲ್ಲದ ಪ್ರೇಕ್ಷಕರ ಮುಂದೆ ಮಾಟಗಾತಿ ನಗೆಪಾಟಲಾಗದಂತೆ ನೋಡಿಕೊಳ್ಳುವುದು ಹೇಗೆ? 1936ರಲ್ಲಿ ಇಪ್ಪತ್ತರ ಹರೆಯದ ಆರ್ಸನ್ ವೆಲ್ಸ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಲಫಾಯೆಟ್ ರಂಗಮಂದಿರದಲ್ಲಿ, ಕಪ್ಪು ನಟರನ್ನೇ ಕೂಡಿಸಿಕೊಂಡು ನಾಟಕವನ್ನು ಹೈಟಿಯಂಥ ಒಂದು ದ್ವೀಪಕ್ಕೆ ಸಾಗಿಸಿದ. ಮಾಟಗಾತಿಯರ ಜಾಗದಲ್ಲಿ ವೂಡೂ ಪೂಜಾರಿಗಳು ಬಂದರು, ಆಫ್ರಿಕಾದ ಡೋಲು ಬಾರಿಸುವವರು ಬಂದರು. ಸರ್ಕಾರದ ನಿರುದ್ಯೋಗ ಪರಿಹಾರ ಯೋಜನೆಯ ಭಾಗವಾದ ಫೆಡರಲ್ ಥಿಯೇಟರ್‌ನ ಹಣದಿಂದ ನಡೆದ ಪ್ರಯೋಗ ಅದು. ಅದರಲ್ಲಿ ಹೊರಗಿನವನೊಬ್ಬ ಕಪ್ಪು ಜನರ ನಂಬಿಕೆಯನ್ನು ವಿಚಿತ್ರ ವಸ್ತುವನ್ನಾಗಿ ಪ್ರದರ್ಶಿಸಿದ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಹಾಗೆಯೇ, ಪರಿಚಾರಕರ ಪಾತ್ರಗಳಿಗಷ್ಟೇ ಸೀಮಿತರಾಗಿದ್ದ ಕಪ್ಪು ನಟರು ದುರಂತ ನಾಯಕರಾಗಿ ನಿಂತದ್ದೂ ಅಲ್ಲಿಯೇ. ಎರಡನ್ನೂ ಒಟ್ಟಿಗೆ ಹೇಳದೆ ಆ ಪ್ರಯೋಗದ ಅಧ್ಯಯನ ಪೂರ್ತಿಯಾಗುವುದಿಲ್ಲ. ಆಫ್ರಿಕಾದವರೇ ತಮ್ಮ ನೆಲದಿಂದ ಈ ನಾಟಕವನ್ನು ನೋಡಿದಾಗ ಏನಾಯಿತೆಂದು ತಿಳಿಯಬೇಕಾದರೆ ವೆಲ್ಕಮ್ ಮ್‌ಸೋಮಿ 1970ರಲ್ಲಿ ಜುಲು ಭಾಷೆಯಲ್ಲಿ ಕಟ್ಟಿದ ‘ಉಮಬಾತಾ’ ಇದೆ. ಅಲ್ಲಿ ಕತೆ ಜುಲು ದೊರೆ ಶಾಕಾನ ಕಾಲದ ನೆನಪಿಗೆ ಹತ್ತಿರ ಬರುತ್ತದೆ.

ಕುರೊಸಾವಾ ಮೂವರನ್ನು ಒಬ್ಬಳನ್ನಾಗಿ ಮಾಡಿದ. ಕಾಡಿನ ನಡುವೆ ಗುಡಿಸಲಿನಲ್ಲಿ ಕೂತು ರಾಟೆ ತಿರುಗಿಸುವ, ಗಂಡೋ ಹೆಣ್ಣೋ ತಿಳಿಯದ ಬಿಳಿಯ ಆಕೃತಿ. ಇದು ಜಪಾನಿನ ಸಾಂಪ್ರದಾಯಿಕ ನೋ ರಂಗಭೂಮಿಯಿಂದ ನೇರವಾಗಿ ಬಂದದ್ದು. ವಾಶಿಜು ಪಾತ್ರದ ತೊಶಿರೊ ಮಿಫುನೆ, ಅಸಾಜಿ ಪಾತ್ರದ ಇಸುಜು ಯಮಾಡಾ ಇಬ್ಬರಿಗೂ ನೋ ಮುಖವಾಡಗಳನ್ನು ತೋರಿಸಿ, ಮುಖ ಹೀಗಿರಲಿ ಎಂದು ಹೇಳಿಕೊಟ್ಟವನು ಕುರೊಸಾವಾ. ತನ್ನ ದೇಶದ ಪ್ರೇಕ್ಷಕರು ಪ್ರೇತವನ್ನು ಯಾವ ಶೈಲಿಯಲ್ಲಿ ನೋಡಿ ಬೆಳೆದಿದ್ದಾರೋ ಆ ಶೈಲಿಯಲ್ಲೇ ಅದನ್ನು ತಂದ. ಹಾಗಾಗಿ ನಂಬುವುದು ಬಿಡುವುದು ಎಂಬ ಪ್ರಶ್ನೆಯೇ ಏಳಲಿಲ್ಲ. 2021ರಲ್ಲಿ ಜೋಯೆಲ್ ಕೋಯೆನ್ ತನ್ನ ಕಪ್ಪುಬಿಳುಪು ಚಿತ್ರದಲ್ಲಿ ಮೂವರನ್ನೂ ಕ್ಯಾಥರಿನ್ ಹಂಟರ್ ಎಂಬ ಒಬ್ಬ ನಟಿಯ ಮೈಯೊಳಗೆ ಇಟ್ಟ. ಅವಳ ಮೈ ಹಕ್ಕಿಯಂತೆ ಮುರಿದು ತಿರುಚಿಕೊಳ್ಳುತ್ತದೆ. ಆ ಚಿತ್ರದ ಉಳಿದೆಲ್ಲವೂ ಮರೆತುಹೋದರೂ ಅದೊಂದು ನೆನಪಿರುತ್ತದೆ.

ಆದರೆ ಈ ಹೊಂದದ ಜಾಗಕ್ಕೆ ನಮ್ಮ ದೇಶದಲ್ಲಿ ಸಿಕ್ಕ ಉತ್ತರ ನನಗೆ ಹೆಚ್ಚು ಇಷ್ಟ. ವಿಶಾಲ್ ಭಾರದ್ವಾಜರ ‘ಮಕ್ಬೂಲ್’ (2003) ಮುಂಬೈ ಭೂಗತಲೋಕದ ಕತೆ. ಅಲ್ಲಿ ಮಾಟಗಾತಿಯರ ಜಾಗದಲ್ಲಿರುವವರು ಇಬ್ಬರು ಪೊಲೀಸ್ ಅಧಿಕಾರಿಗಳು, ಪಂಡಿತ್ ಮತ್ತು ಪುರೋಹಿತ್. ಓಂ ಪುರಿ ಹಾಗೂ ನಸೀರುದ್ದೀನ್ ಶಾ. ಒಬ್ಬ ವಾಹನದ ಕಿಟಕಿಯ ಮೇಲೆ ಕುಂಡಲಿ ಬರೆಯುತ್ತಾನೆ. ಭವಿಷ್ಯ ಹೇಳುವವರೂ ಅವರೇ, ಆ ಭವಿಷ್ಯ ನಿಜವಾಗುವಂತೆ ಗುಂಡು ಹಾರಿಸುವವರೂ ಅವರೇ, ಯಾವ ಗುಂಪೂ ತೀರ ಬಲಿಯದಂತೆ ತಕ್ಕಡಿ ತೂಗುವವರೂ ಅವರೇ. ಶೇಕ್ಸ್‌ಪಿಯರನ ಮಾಟಗಾತಿಯರ ಬಗ್ಗೆ ಶತಮಾನಗಳಿಂದ ಇರುವ ಪ್ರಶ್ನೆಯೊಂದಿದೆ: ಅವರು ವಿಧಿಯನ್ನು ತಿಳಿದವರೋ, ವಿಧಿಯನ್ನು ಮಾಡುವವರೋ? ಆ ಪ್ರಶ್ನೆಗೆ ಈ ಎರಡು ಪಾತ್ರಗಳು ಕೊಡುವಷ್ಟು ಚೂಪಾದ ಉತ್ತರವನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮಲ್ಲಿ ಜಾತಕವೂ ಪೊಲೀಸ್ ಠಾಣೆಯೂ ಎರಡೂ ಜನರ ಹಣೆಬರಹ ನಿರ್ಧರಿಸುವ ಸ್ಥಳಗಳು. ಆ ಎರಡನ್ನು ಒಂದೇ ಖಾಕಿಯೊಳಗೆ ಇಡಬಹುದೆಂದು ಹೊಳೆದದ್ದೇ ದೊಡ್ಡ ವಿಮರ್ಶೆ.

ದಿಲೀಶ್ ಪೋತನ್ ನಿರ್ದೇಶನದ ಮಲಯಾಳಂ ಚಿತ್ರ ‘ಜೋಜಿ’ (2021) ಮಾಟಗಾತಿಯರನ್ನು ಪೂರ್ತಿ ಕೈಬಿಟ್ಟಿತು. ಅಲ್ಲಿ ಭವಿಷ್ಯವಾಣಿಯೇ ಇಲ್ಲ. ತೋಟದ ಮನೆ, ಗಟ್ಟಿಮುಟ್ಟಾದ ಅಪ್ಪ, ಅವನ ಮುಂದೆ ತಲೆ ಎತ್ತಲಾರದ ಮೂವರು ಗಂಡುಮಕ್ಕಳು. ಕೆರೆಯಲ್ಲಿ ಸಿಕ್ಕಿಕೊಂಡಿದ್ದ ಪಂಪಿನ ಫುಟ್‌ವಾಲ್ವನ್ನು ಮೇಲೆಳೆಯಲು ಹೋದ ಅಪ್ಪನಿಗೆ ಪಾರ್ಶ್ವವಾಯು ಬಡಿಯುತ್ತದೆ. ಅಷ್ಟೇ ಸಾಕು, ಅಪ್ಪ ಸಾಯಬಹುದು ಎಂಬ ಆಸೆ ಮನೆಯೊಳಗೆ ಬಂದು ಕೂರುತ್ತದೆ. ಅಪ್ಪ ಚೇತರಿಸಿಕೊಳ್ಳತೊಡಗಿದಾಗ ಕಿರಿಮಗ ಜೋಜಿ ಮಾತ್ರೆಗಳನ್ನು ಬದಲಿಸಿಡುತ್ತಾನೆ. ಅಡುಗೆಮನೆಯಲ್ಲೇ ದಿನ ಕಳೆಯುವ ಅತ್ತಿಗೆ ಬಿನ್ಸಿಗೆ ಎಲ್ಲ ಗೊತ್ತು, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪನ ಸಾವಿನ ಮನೆಗೆ ಜನ ಸೇರಿದಾಗ ಮೈದುನನ ಕೋಣೆಗೆ ಬಂದು, ಮಾಸ್ಕ್ ಹಾಕಿಕೊಂಡು ಕೆಳಗೆ ಬಾ ಎನ್ನುತ್ತಾಳೆ. ಕೋವಿಡ್ ಕಾಲ, ಎಲ್ಲರೂ ಮಾಸ್ಕ್ ಹಾಕುವ ಕಾಲ. ಕಪಟವನ್ನು ಮುಖದಲ್ಲಿ ಕಾಣಿಸಬೇಡ ಎಂದು ಲೇಡಿ ಮ್ಯಾಕ್‌ಬೆತ್ ಗಂಡನಿಗೆ ಹೇಳುವ ದೃಶ್ಯ ತಿಳಿದಿದ್ದವರಿಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ. ತಿಳಿಯದವರಿಗೂ ಆ ಹೆಂಗಸು ಏನು ಹೇಳಿದಳೆಂದು ಅರ್ಥವಾಗುತ್ತದೆ. ಒಳ್ಳೆಯ ರೂಪಾಂತರ ಇಬ್ಬರಿಗೂ ದಕ್ಕಬೇಕು.

ಎರಡನೆಯದು ಕೊಲೆ. ಶೇಕ್ಸ್‌ಪಿಯರ್ ಡಂಕನ್‌ನ ಕೊಲೆಯನ್ನು ರಂಗದ ಮೇಲೆ ತರಲಿಲ್ಲ. ಗಂಡ ಹೆಂಡತಿ ಪಿಸುಗುಡುವಾಗ ಬಾಗಿಲು ಬಡಿಯುವ ಸದ್ದು ಕೇಳುತ್ತದೆ. ಆ ಸದ್ದು ತನ್ನನ್ನು ಏಕೆ ಅಷ್ಟು ಕಲಕಿತೆಂದು ಥಾಮಸ್ ಡಿ ಕ್ವಿನ್ಸಿ 1823ರಲ್ಲಿ ಒಂದು ಪ್ರಬಂಧವನ್ನೇ ಬರೆದ. ನಾಟಕದ ಒಂದು ಸದ್ದನ್ನು ಹಿಡಿದು ಕೃತಿಯ ಒಳಕ್ಕೆ ಇಳಿಯುವುದು ಹೇಗೆಂದು ಕಲಿಯಬೇಕಾದವರು ಇಂದಿಗೂ ಅಲ್ಲಿಂದಲೇ ಆರಂಭಿಸಬಹುದು. ನಮಗೆ ಈ ಸಂಗತಿ ಹೊಸದಲ್ಲ. ಸಾವನ್ನು ಅಂಕದಲ್ಲಿ ತೋರಿಸಬಾರದು ಎಂಬುದು ಸಂಸ್ಕೃತ ನಾಟಕದ ಕಟ್ಟಳೆ. ಅದನ್ನು ಮೀರಿ ದುರ್ಯೋಧನನನ್ನು ರಂಗದ ಮೇಲೇ ಸಾಯಿಸಿದ ‘ಊರುಭಂಗ’ವೂ ನಮ್ಮದೇ.

ಸಿನಿಮಾಕ್ಕೆ ಈ ಸಂಯಮ ಕಷ್ಟ. ತೋರಿಸುವುದೇ ಅದರ ಕಸುಬು. ರೋಮನ್ ಪೊಲಾನ್‌ಸ್ಕಿ 1971ರ ಚಿತ್ರದಲ್ಲಿ ಡಂಕನ್‌ನ ಕೊಲೆಯನ್ನು ನೇರವಾಗಿ ತೋರಿಸಿದ. ಅದಕ್ಕೆ ಎರಡು ವರ್ಷ ಮೊದಲು ಅವನ ಬಸುರಿ ಹೆಂಡತಿಯನ್ನು ಮನೆಯಲ್ಲೇ ಕೊಂದಿದ್ದರು. ಚಿತ್ರದ ರಕ್ತವನ್ನೆಲ್ಲ ಆ ನೋವಿನ ಲೆಕ್ಕಕ್ಕೆ ಬರೆದು ಮುಗಿಸುವ ವಿಮರ್ಶೆ ಬೇಕಾದಷ್ಟು ಬಂದಿದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವನು ಕೊನೆಯಲ್ಲಿ ಸೇರಿಸಿದ ದೃಶ್ಯ: ಎಲ್ಲ ಮುಗಿದು ನ್ಯಾಯದ ರಾಜ ಪಟ್ಟಕ್ಕೆ ಬಂದ ಮೇಲೆ, ಅವನ ತಮ್ಮ ಡೊನಾಲ್‌ಬೇನ್ ಮಳೆಯಲ್ಲಿ ಒಬ್ಬನೇ ಕುದುರೆ ಏರಿ ಮಾಟಗಾತಿಯರ ಗುಹೆಗೆ ಹೋಗುತ್ತಾನೆ. ಮೂಲದಲ್ಲಿ ಇದಿಲ್ಲ. ಮೂಲವನ್ನು ಓದಿದವರು ಆಮೇಲೆ ಆ ನಾಟಕದ ಕೊನೆಯ ಪುಟವನ್ನು ಮೊದಲಿನ ನೆಮ್ಮದಿಯಲ್ಲಿ ಓದಲಾರರು.

‘ಮಕ್ಬೂಲ್’ ಚಿತ್ರದಲ್ಲಿ ಗುಂಡು ಹಾಸಿಗೆಯಲ್ಲೇ ಹಾರುತ್ತದೆ, ಪಕ್ಕದಲ್ಲಿ ಮಲಗಿದ್ದ ನಿಮ್ಮಿಯ ಮುಖಕ್ಕೆ ರಕ್ತ ಸಿಡಿಯುತ್ತದೆ. ಇಲ್ಲಿ ಭಾರದ್ವಾಜರು ಮಾಡಿದ ಬದಲಾವಣೆ ಮೇಲ್ನೋಟಕ್ಕಿಂತ ಆಳವಾದದ್ದು. ತಬು ಮಾಡಿದ ನಿಮ್ಮಿ ಮಕ್ಬೂಲನ ಹೆಂಡತಿಯಲ್ಲ, ಅವನ ಒಡೆಯ ಅಬ್ಬಾಜಿ ಇಟ್ಟುಕೊಂಡವಳು. ಹಾಗಾಗಿ ಇರ್ಫಾನ್ ಖಾನ್‌ರ ಮಕ್ಬೂಲ್‌ಗೆ ಗಾದಿಯ ಆಸೆ ಎಷ್ಟು, ಹೆಣ್ಣಿನ ಆಸೆ ಎಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಮಗು ಯಾರದೆಂಬ ಸಂಶಯ ಕೊನೆಯವರೆಗೂ ಕಾಡುತ್ತದೆ. ಮಕ್ಕಳಿಲ್ಲದ ಗಂಡ ಹೆಂಡತಿಯ ಕತೆ ಎಂದು ಮೂಲವನ್ನು ಓದಿದ ವಿಮರ್ಶೆ ಹಳೆಯದು. ಕುರೊಸಾವಾ ಅಸಾಜಿಗೆ ಸತ್ತ ಮಗು ಹುಟ್ಟಿಸಿದ, ಜಸ್ಟಿನ್ ಕರ್ಜೆಲ್ 2015ರ ಚಿತ್ರವನ್ನು ಮಗುವಿನ ಶವಸಂಸ್ಕಾರದಿಂದಲೇ ಆರಂಭಿಸಿದ. ಕರ್ಜೆಲ್‌ನ ಚಿತ್ರ ಕಣ್ಣಿಗೆ ಭವ್ಯವಾಗಿದೆ, ಆದರೆ ಆ ಮೊದಲ ದೃಶ್ಯದಿಂದಾಗಿ ಮುಂದಿನ ಪಾಪಕ್ಕೆಲ್ಲ ಒಂದು ಕಾರಣ ಸಿಕ್ಕಂತಾಗಿ ನಾಟಕದ ದಿಗಿಲು ಸಣ್ಣದಾಯಿತೆಂದು ನನ್ನ ಭಾವನೆ. ‘ಮಕ್ಬೂಲ್’ ಕೊನೆಗೆ ಹುಟ್ಟಿದ ಮಗುವನ್ನು ಬದುಕಿಸಿತು. ಶತ್ರುವೆಂದುಕೊಂಡವರ ತೋಳಿನಲ್ಲಿ ಆ ಮಗುವನ್ನು ಆಸ್ಪತ್ರೆಯ ಗಾಜಿನ ಆಚೆಯಿಂದ ನೋಡಿದ ಮಕ್ಬೂಲ್ ಬಂದೂಕು ಬಿಟ್ಟು ಹೊರಗೆ ನಡೆಯುತ್ತಾನೆ.

ಮೂರನೆಯದು ಕಾಡು. ಬರ್ನಂ ಕಾಡು ಡನ್‌ಸಿನೇನ್ ಬೆಟ್ಟಕ್ಕೆ ನಡೆದು ಬರುವವರೆಗೆ ನಿನಗೆ ಸೋಲಿಲ್ಲ ಎಂಬ ಮಾತಿನ ಮೇಲೆ ಮ್ಯಾಕ್‌ಬೆತ್ ನಿಂತಿದ್ದಾನೆ. ಸೈನಿಕರು ಕೊಂಬೆ ಕಡಿದು ಮುಂದೆ ಹಿಡಿದು ಬರುತ್ತಾರೆ. ಶೇಕ್ಸ್‌ಪಿಯರನ ಬರಿಯ ಹಲಗೆಯ ರಂಗದ ಮೇಲೆ ನಾಲ್ಕು ಕೊಂಬೆ ಸಾಕಾಗಿತ್ತು, ಉಳಿದ ಕಾಡನ್ನು ಮಾತೇ ಬೆಳೆಸುತ್ತಿತ್ತು. ಸಿನಿಮಾದಲ್ಲಿ ನಿಜವಾದ ಮರಗಳನ್ನು ತೋರಿಸಬಹುದು. ಆಗ ಗುಟ್ಟು ತಕ್ಷಣ ಬಯಲಾಗಿ ಬರಿಯ ಯುದ್ಧತಂತ್ರವಾಗುತ್ತದೆ. ಕುರೊಸಾವಾ ಇದಕ್ಕೆ ಕಂಡುಕೊಂಡ ದಾರಿ ನೋಡಿ. ರಾತ್ರಿ ಎಲ್ಲೋ ಮರ ಕಡಿಯುವ ಸದ್ದು. ಗೂಡು ಕಳೆದುಕೊಂಡ ಹಕ್ಕಿಗಳು ಹಿಂಡುಹಿಂಡಾಗಿ ಕೋಟೆಯ ಸಭಾಂಗಣದೊಳಗೆ ನುಗ್ಗಿ ಹಾರಾಡುತ್ತವೆ. ಬೆಳಗಾದಾಗ ಮಂಜಿನೊಳಗೆ ಮರಗಳು ತೂಗುತ್ತ ಬರುತ್ತವೆ. ಕಾರಣ ಮೊದಲೇ ಹೇಳಿದ್ದಾನೆ, ಆದರೂ ಭಯ ಹೋಗುವುದಿಲ್ಲ. ಆಮೇಲೆ ವಾಶಿಜುವನ್ನು ಕೊಲ್ಲುವವನು, ನಾಟಕದಲ್ಲಿ ಮ್ಯಾಕ್‌ಬೆತ್‌ನನ್ನು ಕೊಲ್ಲುವಂಥ ಯಾವ ಮ್ಯಾಕ್‌ಡಫ್‌ನೂ ಅಲ್ಲ. ಅವನ ಸ್ವಂತ ಸೈನಿಕರೇ ಬಾಣದ ಮಳೆಗರೆಯುತ್ತಾರೆ. ಚಿತ್ರೀಕರಣದಲ್ಲಿ ಮಿಫುನೆಯ ಸುತ್ತ ಗೋಡೆಗೆ ನೆಟ್ಟದ್ದು ನುರಿತ ಬಿಲ್ಲುಗಾರರು ಬಿಟ್ಟ ನಿಜವಾದ ಬಾಣಗಳು. ಮುಖದ ಮೇಲಿನ ಭಯ ಪೂರ್ತಿ ಅಭಿನಯವಲ್ಲ.

ಕರ್ಜೆಲ್ ಕಾಡಿಗೆ ಬೆಂಕಿ ಹಚ್ಚಿದ, ಅದು ಕಿಡಿಯಾಗಿ ಬೂದಿಯಾಗಿ ಕೋಟೆಗೆ ಬಂತು. ಇದು ನಿಜಕ್ಕೂ ಜಾಣ ಕಲ್ಪನೆ. ‘ಮಕ್ಬೂಲ್’ ಕಾಡನ್ನು ಸಮುದ್ರ ಮಾಡಿತು: ಕಡಲು ಮನೆಗೆ ಬರುವವರೆಗೆ ಭಯವಿಲ್ಲ. ಕಡಲಿನ ಕಳ್ಳಸಾಗಣೆಯಿಂದ ಬದುಕಿದವನಿಗೆ ಕಡಲೇ ಕುತ್ತು. ಮುಂಬೈಯಲ್ಲಿ ಕಾಡಿನ ಭವಿಷ್ಯ ಹೇಳಿದ್ದರೆ ಯಾರೂ ಹೆದರುತ್ತಿರಲಿಲ್ಲ.

ಕಾಡನ್ನು ನಾಟಕದ ನಡುವಿಗೇ ತಂದು ನೆಟ್ಟವರು ಕನ್ನಡಿಗರೊಬ್ಬರು. ಬಂಟ್ವಾಳದ ಬಳಿಯ ಮಂಚಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ, ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದ ಬಿ.ವಿ. ಕಾರಂತರು 1979ರಲ್ಲಿ ದೆಹಲಿಯಲ್ಲಿ ಅಲ್ಲಿನ ರೆಪರ್ಟರಿಗೆ ‘ಬರ್ನಂ ವನ’ ಮಾಡಿಸಿದರು. ರಘುವೀರ್ ಸಹಾಯ್ ಅವರ ಹಿಂದಿ ಅನುವಾದ, ಯಕ್ಷಗಾನದ ನಡೆ. ಹೆಸರಿನಲ್ಲೇ ರಾಜನಿಲ್ಲ, ಕಾಡಿದೆ. ಮನುಷ್ಯನ ಮಹತ್ವಾಕಾಂಕ್ಷೆ ಹೊಕ್ಕವನು ಹೊರಬರಲಾರದ ಕಾಡು ಎಂಬುದು ಕಾರಂತರ ನೋಟ. ಇಲ್ಲಿ ಯಕ್ಷಗಾನವನ್ನು ಅಲಂಕಾರಕ್ಕೆ ಅಂಟಿಸಿದ್ದಲ್ಲ ಎಂಬುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಮರವಿಲ್ಲ, ಕೋಟೆಯಿಲ್ಲ. ವೇಷದ ಹೆಜ್ಜೆ ಬದಲಾದರೆ ಸಭೆ ಅರಣ್ಯವಾಗುತ್ತದೆ, ಚೆಂಡೆಯ ಪೆಟ್ಟು ಬದಲಾದರೆ ನಡಿಗೆ ಯುದ್ಧವಾಗುತ್ತದೆ. ಸ್ಥಳವನ್ನು ಮೈಯಿಂದ ಸೃಷ್ಟಿಸುವ ಈ ಗುಣ ಶೇಕ್ಸ್‌ಪಿಯರನ ಖಾಲಿ ರಂಗಕ್ಕೆ, ಆಮೇಲೆ ಬಂದ ಪರದೆ ಸೀನುಗಳ ವಿಕ್ಟೋರಿಯನ್ ರಂಗಕ್ಕಿಂತ ಹತ್ತಿರದ ಸಂಬಂಧಿ.

ಕನ್ನಡಕ್ಕೆ ಈ ನಾಟಕ ಬಂದದ್ದು ಅದಕ್ಕೂ ಬಹಳ ಮೊದಲು. 1895ರಲ್ಲಿ ಎಂ.ಎಲ್. ಶ್ರೀಕಂಠೇಶಗೌಡರು ಅದನ್ನು ‘ಪ್ರತಾಪರುದ್ರದೇವ’ ಮಾಡಿದರು. ಮುಂದೆ ಡಿ.ವಿ.ಜಿ. ಅನುವಾದಿಸಿದರು, ಆಮೇಲೆ ರಾಮಚಂದ್ರ ದೇವ ಅನುವಾದಿಸಿದರು. ಮೊದಲ ತಲೆಮಾರಿನ ರೂಪಾಂತರಕಾರರನ್ನು ನಾವು ಬೇಗ ತಿರಸ್ಕರಿಸುತ್ತೇವೆ. ಹೆಸರು ಬದಲಿಸಿದರು, ಹಾಡು ತುಂಬಿದರು, ‘ರೋಮಿಯೊ ಜೂಲಿಯೆಟ್’ ‘ರಾಮವರ್ಮ–ಲೀಲಾವತಿ’ ಆದಾಗ ಪ್ರೇಮಿಗಳನ್ನು ಸಾಯಲು ಬಿಡಲಿಲ್ಲ ಎಂಬ ದೂರು. ಆದರೆ ಇಂಗ್ಲೆಂಡಿನಲ್ಲೇ ನೇಹಮ್ ಟೇಟ್ ಎಂಬವನು 1681ರಲ್ಲಿ ‘ಲಿಯರ್’ ನಾಟಕಕ್ಕೆ ಸುಖಾಂತ ಕೊಟ್ಟ. ಕಾರ್ಡೀಲಿಯಾ ಬದುಕಿ ಮದುವೆಯಾಗುವ ಆ ಪಾಠವೇ ಸುಮಾರು ನೂರೈವತ್ತು ವರ್ಷ ರಂಗವನ್ನು ಆಳಿತು. ಸಾವಿನಲ್ಲಿ ಮುಗಿಯುವ ನಾಟಕ ಒಂದು ಸಮಾಜಕ್ಕೆ ಏಕೆ ಹೊಂದಲಿಲ್ಲ ಎಂದು ಕೇಳಿದರೆ ಉಪಯೋಗವುಂಟು, ನಮ್ಮ ಹಿರಿಯರಿಗೆ ರುಚಿಯಿರಲಿಲ್ಲ ಎಂದು ತೀರ್ಪು ಕೊಡುವುದರಿಂದ ಏನೂ ಸಿಗದು.

ಆ ಪ್ರಶ್ನೆಯನ್ನು ಎದುರಿಗೆ ಇಟ್ಟುಕೊಂಡು ಬರೆದವರು ಬಿ.ಎಂ.ಶ್ರೀ. ಸೊಫೊಕ್ಲಿಸನ ‘ಅಜಾಕ್ಸ್’ ಅವರ ಕೈಯಲ್ಲಿ 1929ರಲ್ಲಿ ‘ಅಶ್ವತ್ಥಾಮನ್’ ಆಯಿತು. ಗ್ರೀಕ್ ವೀರನ ಜಾಗಕ್ಕೆ ಭಾರತದ ವೀರ. ಇಬ್ಬರದೂ ಅವಮಾನದಿಂದ ಹುಟ್ಟಿದ ರೋಷ, ರಾತ್ರಿಯ ಹತ್ಯೆ. ಆದರೆ ಅಜಾಕ್ಸ್ ತನ್ನ ಕತ್ತಿಗೆ ತಾನೇ ಬಿದ್ದು ಸಾಯುತ್ತಾನೆ, ಅಶ್ವತ್ಥಾಮನೋ ಚಿರಂಜೀವಿ. ಇದಕ್ಕಿಂತ ಗಟ್ಟಿಯಾದ ಹೊಂದದ ಜಾಗ ಕನ್ನಡದಲ್ಲಿ ಇನ್ನೊಂದಿಲ್ಲ. ಬಿ.ಎಂ.ಶ್ರೀ ಅವನನ್ನು ಸಾಯಿಸಿದರು. ಪರಂಪರೆ ಬಲ್ಲವರು ಒಪ್ಪಲಿಲ್ಲ, ಚರ್ಚೆ ಇನ್ನೂ ಮುಗಿದಿಲ್ಲ. ನನಗೆ ಕಾಣುವಂತೆ, ಸಾವೇ ಇಲ್ಲದೆ ಗಾಯ ಹೊತ್ತು ಅಲೆಯುವ ಶಿಕ್ಷೆ ಗ್ರೀಕ್ ದುರಂತಕ್ಕಿಂತ ಭೀಕರವಾದದ್ದು, ಅದನ್ನು ಬಿಟ್ಟುಕೊಟ್ಟದ್ದು ನಾಟಕಕ್ಕೆ ನಷ್ಟ. ಆದರೂ ಎರಡು ಪರಂಪರೆಗಳು ಎಲ್ಲಿ ಡಿಕ್ಕಿ ಹೊಡೆಯುತ್ತವೆ ಎಂದು ಅಷ್ಟು ಸ್ಪಷ್ಟವಾಗಿ ತೋರಿಸಿದ ಕೃತಿ ಬೇರೆ ಇಲ್ಲ. ಮೂರು ವರ್ಷದ ಬಳಿಕ ಕುವೆಂಪು ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಅರಮನೆಗೆ ತಂದು ‘ರಕ್ತಾಕ್ಷಿ’ ಬರೆದರು. ಮಲೆನಾಡಿನ ಸಂಸ್ಥಾನವೊಂದರ ಇತಿಹಾಸದಲ್ಲೇ ಒಳಸಂಚು, ವಿಷ, ಉತ್ತರಾಧಿಕಾರದ ಜಗಳ ಇದ್ದುದರಿಂದ ಕತೆ ಅಲ್ಲಿ ಹೊರಗಿನದಾಗಿ ಕಾಣುವುದಿಲ್ಲ.

ಈ ಸಾಲಿನಲ್ಲಿ, ‘ಮ್ಯಾಕ್‌ಬೆತ್’ ಆಧರಿಸಿದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ಕ್ಕೆ ಬೇರೆಯದೇ ಜಾಗವಿದೆ. ನಾಯಕ ಎಂಬ ಒಂದು ಪದ ಸ್ಕಾಟ್ಲೆಂಡಿನ ಸರದಾರನನ್ನು ನಮ್ಮ ಪಾಳೆಯಗಾರರ ಸಾಲಿಗೆ ತರುತ್ತದೆ. ದೃಷ್ಟಾಂತ ಎಂಬ ಪದ ಕತೆಯನ್ನು ನೀತಿಯ ಕಣ್ಣಿನಿಂದ ನೋಡಲು ಕೇಳಿಕೊಳ್ಳುತ್ತದೆ. ಅದನ್ನು ಹುಲುಗಪ್ಪ ಕಟ್ಟೀಮನಿಯವರು ಜೈಲಿನಲ್ಲಿರುವ ಕೈದಿಗಳಿಂದ ಆಡಿಸಿದರು. ಕೊಲೆ ಮಾಡಿ ಶಿಕ್ಷೆ ಅನುಭವಿಸುತ್ತಿರುವವನು ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಪಾತ್ರಕ್ಕೆ ಬಣ್ಣ ಹಚ್ಚಿಕೊಳ್ಳುತ್ತಾನೆ. ಅಲ್ಲಿ ನಟ ಮತ್ತು ಪಾತ್ರದ ನಡುವಿನ ಅಂತರವನ್ನು ಯಾವ ಸಿದ್ಧಾಂತದಿಂದ ಅಳೆಯೋಣ? ಕುರೊಸಾವಾನ ಬಾಣಗಳು ನಿಜವಾಗಿದ್ದವು ಎಂದು ಜಗತ್ತೆಲ್ಲ ಬರೆಯಿತು. ಇಲ್ಲಿ ಪಶ್ಚಾತ್ತಾಪವೇ ನಿಜವಾಗಿತ್ತು. ಜಗತ್ತಿನ ‘ಮ್ಯಾಕ್‌ಬೆತ್’ಗಳ ಇತಿಹಾಸ ಬರೆಯುವವರು ಈ ಪ್ರಯೋಗಕ್ಕೆ ಒಂದು ಅಧ್ಯಾಯವನ್ನೇ ಕೊಡಬೇಕಿತ್ತು.

ಕನ್ನಡ ಸಿನಿಮಾ ಶೇಕ್ಸ್‌ಪಿಯರನ ಹಾಸ್ಯಕ್ಕೆ ಒಲಿದಷ್ಟು ದುರಂತಕ್ಕೆ ಒಲಿಯಲಿಲ್ಲ. ಗಯ್ಯಾಳಿಯನ್ನು ಪಳಗಿಸುವ ಕತೆ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕವಾಗಿ, ಅಲ್ಲಿಂದ 1989ರಲ್ಲಿ ‘ನಂಜುಂಡಿ ಕಲ್ಯಾಣ’ವಾಗಿ ಊರೂರಲ್ಲಿ ಓಡಿತು, ಅವಳಿಗಳ ಗೊಂದಲದ ಕತೆಯನ್ನು ಎನ್.ಎಸ್. ಶಂಕರ್ ‘ಉಲ್ಟಾ ಪಲ್ಟಾ’ ಮಾಡಿದರು. ಪಕ್ಕದ ಕೇರಳದಲ್ಲಿ ಜಯರಾಜ್, ದಿಲೀಶ್ ಪೋತನ್ ದುರಂತಗಳನ್ನೇ ಮತ್ತೆ ಮತ್ತೆ ಕೈಗೆತ್ತಿಕೊಂಡಾಗ ನಮ್ಮ ಚಿತ್ರರಂಗ ಹಿಂದೆ ಉಳಿದದ್ದು ನನಗೆ ಬೇಸರದ ಸಂಗತಿ. ಕಾರಂತರಂಥವರು ರಂಗದ ಮೇಲೆ ದಾರಿ ತೋರಿಸಿ ದಶಕಗಳೇ ಕಳೆದಿವೆ.

ಇಷ್ಟನ್ನೂ ಓದಿಕೊಂಡು ಅಧ್ಯಯನಕ್ಕೆ ಇಳಿಯುವವರಿಗೆ ಒಂದು ದೊಡ್ಡ ತೊಡಕು ಎದುರಾಗುತ್ತದೆ. ಸಿನಿಮಾವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಹತ್ತು ಸಲ ನೋಡಬಹುದು. ಅಸಾಜಿ ಕತ್ತಲಲ್ಲಿ ಮರೆಯಾದ ಕ್ಷಣವನ್ನು ಎಣಿಸಿ ಬರೆಯಬಹುದು. ನಾಟಕ ಆಡಿದ ರಾತ್ರಿಯೇ ಮುಗಿಯುತ್ತದೆ. ಪ್ರೇಕ್ಷಕರಿಗೆ ಮುಖವಾಡ ತೊಡಿಸಿ ಕೋಣೆಯಿಂದ ಕೋಣೆಗೆ ಅಲೆಯಲು ಬಿಟ್ಟ ‘ಸ್ಲೀಪ್ ನೋ ಮೋರ್’ ಎಂಬ ‘ಮ್ಯಾಕ್‌ಬೆತ್’ ಪ್ರಯೋಗ ನ್ಯೂಯಾರ್ಕಿನಲ್ಲಿ 2011ರಿಂದ 2025ರವರೆಗೆ ನಡೆಯಿತು. ಅದನ್ನು ಇಬ್ಬರು ಒಂದೇ ರೀತಿ ನೋಡಿರಲಾರರು. ಹಾಗಾಗಿ ರೂಪಾಂತರದ ಅಧ್ಯಯನ ಸುಲಭವಾಗಿ ಸಿನಿಮಾದ ಕಡೆಗೇ ವಾಲುತ್ತದೆ, ರಂಗಪ್ರಯೋಗಕ್ಕೆ ಒಂದು ಪ್ಯಾರಾ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಈ ಓರೆಯನ್ನು ತಿದ್ದುವುದು ವಿದ್ವಾಂಸರಿಗಿಂತ ಹೆಚ್ಚಾಗಿ ನಾಟಕ ಆಡುವವರ ಕೈಯಲ್ಲಿದೆ.

ಆದ್ದರಿಂದ ತಂಡಗಳಿಗೆ ನನ್ನದೊಂದು ಕೋರಿಕೆ. ಪ್ರದರ್ಶನ ಮುಗಿದ ಮೇಲೆ ರಂಗಪ್ರತಿಯನ್ನು ಎಸೆಯಬೇಡಿ. ತಾಲೀಮಿನಲ್ಲಿ ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ನಡೆ, ಬೆಳಕಿನ ಪಟ್ಟಿ, ಹಾಡಿನ ಮಟ್ಟು ಯಾವುದೆಂಬ ಟಿಪ್ಪಣಿ ಎಲ್ಲವನ್ನೂ ಒಂದು ಕಡತದಲ್ಲಿಡಿ. ಮೇಳದಲ್ಲಿ ಕೂತು ಹಾಡಿದವರನ್ನು, ವಸ್ತ್ರ ಹೊಲಿದವರನ್ನು ಮಾತಾಡಿಸಿ, ಫೋನಿನಲ್ಲಾದರೂ ಧ್ವನಿ ಹಿಡಿದಿಡಿ. ಹಳೆಯ ಪ್ರಯೋಗಗಳಲ್ಲಿ ಪಾತ್ರ ಮಾಡಿದ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಈ ವಾರವೇ ಹೋಗಿ, ಆ ದೃಶ್ಯದಲ್ಲಿ ಎಲ್ಲಿ ನಿಂತಿದ್ದಿರಿ, ಕಾಡು ಹೇಗೆ ಬಂತು ಎಂದು ಕೇಳಿ ಬರೆದುಕೊಳ್ಳಿ.